ಇಟ್ಟ ಹೆಸರು, ಕರೆಯೋ ಹೆಸರು

ಪ್ಯಾಕ್‌ಮನ್ ಅನ್ನೋ ಹಳೆಯ ವಿಡಿಯೊ ಗೇಮ್ ಯಂತ್ರದ ಮುಂದೆ ಕಾಸು ಹಾಕದೆ ಸುಮ್ನೆ ನಿಂತರೆ ಒಂದು ಪುಟ್ಟ ಪರಿಚಯ ನಡೆಯುತ್ತದೆ. ಪರದೆ ಪೂರ್ತಿ ಕಪ್ಪು. ಮೇಲ್ಗಡೆ ಎರಡು ಪದ: ಒಂದು ಕಡೆ ‘ಕ್ಯಾರೆಕ್ಟರ್’, ಇನ್ನೊಂದು ಕಡೆ ‘ನಿಕ್‌ನೇಮ್’. ಮೊದಲು ಕೆಂಪು ದೆವ್ವ ಬಂದು ನಿಲ್ಲುತ್ತದೆ. ಒಂದು ಗಳಿಗೆ ಬಿಟ್ಟು ಅದರ ಪಕ್ಕದಲ್ಲಿ ‘ಶ್ಯಾಡೊ’ ಅಂತ ಮೂಡುತ್ತದೆ. ಇನ್ನೊಂದು ಗಳಿಗೆ ಬಿಟ್ಟು ‘ಬ್ಲಿಂಕಿ’. ಆಮೇಲೆ ಗುಲಾಬಿ ದೆವ್ವ: ಸ್ಪೀಡಿ, ಪಿಂಕಿ. ತಿಳಿನೀಲಿ ದೆವ್ವ: ಬ್ಯಾಶ್‌ಫುಲ್, ಇಂಕಿ. ಕೊನೆಗೆ ಕಿತ್ತಳೆ ಬಣ್ಣದ್ದು: ಪೋಕಿ, ಕ್ಲೈಡ್.

ನೆಂಟರ ಮನೆಗೆ ಹೋದಾಗ ಅಜ್ಜಿ ಮೊಮ್ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ‘ಇವನು ವೆಂಕಟೇಶ, ಪುಟ್ಟು ಅಂತ ಕರೀತೀವಿ. ಇವಳು ಸುಮಂಗಲ, ನಮಗೆಲ್ಲ ಪಾಪಚ್ಚಿ’ ಅನ್ನುತ್ತಾರಲ್ಲ, ಥೇಟ್ ಹಾಗೆ. ಇಟ್ಟ ಹೆಸರು ಒಂದು, ಕರೆಯೋ ಹೆಸರು ಇನ್ನೊಂದು. ಆ ಪರದೆಯನ್ನು ಮೊದಲ ಸಲ ಗಮನ ಕೊಟ್ಟು ನೋಡಿದಾಗ ನನಗೆ ಒಂದೇ ಪ್ರಶ್ನೆ ಹುಟ್ಟಿತು. ಈ ಹೆಸರುಗಳನ್ನು ಇಟ್ಟವರು ಯಾರು? ಅದರ ಬೆನ್ನು ಹತ್ತಿ ಎಷ್ಟೋ ರಾತ್ರಿ ಕಳೆದಿದ್ದೇನೆ. ಕಾಸು ಹಾಕಿ ಆಡುವ ಹಳೆಯ ಆರ್ಕೇಡ್ ಗೇಮ್‌ಗಳನ್ನು ಆಡಿದ್ದಕ್ಕಿಂತ ಅವುಗಳ ಹೆಸರಿನ ಕತೆ ಓದಿದ್ದೇ ಜಾಸ್ತಿ.

ಪ್ಯಾಕ್‌ಮನ್ ಬಂದದ್ದಕ್ಕೂ ಎರಡು ವರ್ಷ ಹಿಂದಕ್ಕೆ ಹೋಗೋಣ. 1978ರಲ್ಲಿ ಜಪಾನಿನ ಟೈಟೊ ಕಂಪನಿ ಸ್ಪೇಸ್ ಇನ್ವೇಡರ್ಸ್ ಬಿಡುಗಡೆ ಮಾಡಿತು. ಮಾಡಿದವರು ತೊಮೊಹಿರೊ ನಿಶಿಕಾಡೊ. ಮೇಲಿಂದ ಸಾಲುಸಾಲಾಗಿ ಇಳಿದು ಬರುವ ಜೀವಿಗಳಿಗೆ ಅವರು ಆಕ್ಟೋಪಸ್, ಏಡಿ, ಸ್ಕ್ವಿಡ್ ರೂಪ ಕೊಟ್ಟರು. ರೂಪ ಕೊಟ್ಟರೇ ಹೊರತು ಹೆಸರು ಕೊಡಲಿಲ್ಲ. ಅಲ್ಲೂ ಆಟ ಶುರುವಾಗುವ ಮುಂಚೆ ಪರದೆಯಲ್ಲಿ ಒಂದು ಪಟ್ಟಿ ಬರುತ್ತದೆ. ಇದನ್ನು ಹೊಡೆದರೆ 10 ಅಂಕ, ಇದಕ್ಕೆ 20, ಇದಕ್ಕೆ 30. ಮೇಲೆ ಹಾದುಹೋಗುವ ಹಾರುವ ತಟ್ಟೆಗೆ ಮಾತ್ರ ಎಷ್ಟು ಅಂತ ಹೇಳದೆ ‘ಮಿಸ್ಟರಿ’ ಅಂತ ಬರೆದಿದ್ದಾರೆ. ಅಂಗಡಿ ಸಾಮಾನಿಗೆ ಬೆಲೆ ಚೀಟಿ ಅಂಟಿಸಿದ ಹಾಗೆ. ಹೊಡೆದು ಬೀಳಿಸೋದಕ್ಕೇ ಇರುವ ಪ್ರಾಣಿಗೆ ಹೆಸರು ಯಾಕೆ ಬೇಕು, ಅಲ್ವಾ? ಹೆಸರಿಟ್ಟರೆ ಗುಂಡು ಹೊಡೆಯುವಾಗ ಕೈ ತಡೆಯುತ್ತದೆ.

ಎರಡೇ ವರ್ಷಕ್ಕೆ, 1980ರಲ್ಲಿ, ಪಟ್ಟಿಯ ಅದೇ ಜಾಗದಲ್ಲಿ ಹೆಸರು ಬಂದು ಕೂತಿತು. ತಂದವರು ನಾಮ್ಕೊ ಕಂಪನಿಯ ತೋರು ಇವಾತಾನಿ. ಆಗ ಅವರಿಗೆ 25 ವರ್ಷ. ಜಪಾನಿನ ಗೇಮ್ ಅಂಗಡಿಗಳಲ್ಲಿ ಆಗ ಎಲ್ಲಿ ನೋಡಿದರೂ ಗುಂಡು ಹಾರಿಸುವ ಆಟ, ಆಡುವವರೆಲ್ಲ ಹೆಚ್ಚುಕಮ್ಮಿ ಗಂಡಸರೇ. ಹೆಣ್ಣುಮಕ್ಕಳು ಬರಬೇಕು, ಜೋಡಿಗಳು ಬರಬೇಕು, ಅಂಥದ್ದೊಂದು ಆಟ ಮಾಡಬೇಕು ಅಂತ ಇವಾತಾನಿ ಹೊರಟರು. ಅವರು ಹಿಡಿದುಕೊಂಡ ಎಳೆ ‘ತಿನ್ನೋದು’. ಬಾಯಿ ಅನ್ನೋದಕ್ಕೆ ಜಪಾನಿ ಲಿಪಿಯಲ್ಲಿರುವ ಅಕ್ಷರ ಒಂದು ಚೌಕ. ಅದನ್ನು ದುಂಡಗೆ ಮಾಡಿದರು. ದೆವ್ವಗಳ ಕೈಗೆ ಸಿಗದೆ ಓಣಿಗಳಲ್ಲಿ ಚುಕ್ಕೆ ತಿನ್ನುತ್ತಾ ಓಡುವ ಹಳದಿ ಚೆಂಡು ಹುಟ್ಟಿತು. ಒಂದು ತುಂಡು ತೆಗೆದ ಪಿಜ್ಜಾ ನೋಡಿ ಈ ರೂಪ ಹೊಳೆಯಿತು ಅನ್ನೋ ಕತೆ ಎಲ್ಲ ಕಡೆ ಓಡಾಡುತ್ತದೆ. ಅದು ಅರ್ಧ ಮಾತ್ರ ನಿಜ ಅಂತ ಅವರೇ ಹೇಳಿದ್ದಾರೆ.

ಹೆಸರು ಹುಟ್ಟಿದ್ದು ಸದ್ದಿನಿಂದ. ಬಾಯಿ ತೆಗೆದು ಮುಚ್ಚಿ, ತೆಗೆದು ಮುಚ್ಚಿ ತಿನ್ನೋದಕ್ಕೆ ಜಪಾನಿನಲ್ಲಿ ‘ಪಾಕು ಪಾಕು’ ಅಂತಾರೆ. ನಮ್ಮ ಗಬಗಬ, ಚಪಚಪ, ಕರುಂಕುರುಂ ಇವೆಯಲ್ಲ, ಅದೇ ಜಾತಿಯ ಪದ. ಶಾಲೆಯಲ್ಲಿ ಅನುಕರಣಾವ್ಯಯ ಅಂತ ಪಾಠ ಮಾಡಿದ್ದು ನೆನಪಿದೆಯಾ? ಬೇರೆ ಭಾಷೆಯವರಿಗೆ ಇದನ್ನು ವಿವರಿಸೋದು ಕಷ್ಟ. ನಮಗೆ ಕಷ್ಟವೇ ಇಲ್ಲ. ಮಳೆ ಧೋ ಅಂತ ಸುರಿಯುತ್ತದೆ, ಬೆಂಕಿ ಧಗಧಗ ಉರಿಯುತ್ತದೆ, ಮಗು ಗಬಗಬ ತಿನ್ನುತ್ತದೆ. ಹಾಗೆ ಪಾಕು ಪಾಕು ಅಂತ ತಿನ್ನುವವನು ಪಕ್‌ಮನ್ ಆದ. ಜಪಾನಿನ ಯಂತ್ರಗಳ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಹಾಗೇ ಬರೆದಿತ್ತು.

ಅಮೆರಿಕದಲ್ಲಿ ಆ ಆಟವನ್ನು ತಂದದ್ದು ಮಿಡ್‌ವೇ ಅನ್ನೋ ಕಂಪನಿ. ಅವರಿಗೆ ಒಂದು ಭಯ ಹುಟ್ಟಿತು. ಪಕ್ ಅನ್ನೋದರ ಮೊದಲ ಇಂಗ್ಲಿಷ್ ಅಕ್ಷರದ ಒಂದು ಮೂಲೆಯನ್ನು ಯಾವನಾದರೂ ಪಡ್ಡೆ ಹುಡುಗ ಕೆರೆದುಬಿಟ್ಟರೆ, ಅದು ಇಂಗ್ಲಿಷಿನ ಅತಿ ಕೆಟ್ಟ ಬೈಗುಳ ಆಗುತ್ತದೆ. ಅಂಗಡಿಯ ಬಾಗಿಲಲ್ಲಿ, ಮಕ್ಕಳು ಓಡಾಡೋ ಜಾಗದಲ್ಲಿ ಅಂಥ ಯಂತ್ರ ನಿಲ್ಲಿಸೋಕಾಗಲ್ಲ. ಒಂದೆರಡು ಅಕ್ಷರ ಬದಲಾಯಿಸಿ ಪ್ಯಾಕ್‌ಮನ್ ಮಾಡಿದರು. ನನಗೆ ಇದರಲ್ಲಿ ಇಷ್ಟವಾದ ವಿಷಯ ಬೇರೆ ಇದೆ. ‘ಪಕ್’ಗಿಂತ ‘ಪ್ಯಾಕ್’ ಅನ್ನೋದೇ ಆ ‘ಪಾಕು’ ಸದ್ದಿಗೆ ಹತ್ತಿರ. ಬೈಗುಳದ ಭಯದಿಂದ ಬದಲಾದ ಹೆಸರು, ತಿನ್ನೋ ಸದ್ದಿಗೆ ಇನ್ನೂ ಒಂದು ಹೆಜ್ಜೆ ಹತ್ತಿರ ಬಂದು ನಿಂತಿತು.

ದೆವ್ವಗಳ ಹೆಸರಿಗೆ ಮಾತ್ರ ಅಷ್ಟು ಅದೃಷ್ಟ ಇರಲಿಲ್ಲ. ಈ ವಿಷಯ ಬಂದಾಗ ನನಗೆ ನಿಜವಾಗಲೂ ಬೇಜಾರಾಗುತ್ತದೆ. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಾಲ್ಕು ದೆವ್ವಗಳಿಗೂ ಒಂದೇ ಬಣ್ಣ ಇರಲಿ, ಎಲ್ಲ ಕೆಂಪಾಗಿರಲಿ ಅಂತ ನಾಮ್ಕೊದ ಮುಖ್ಯಸ್ಥ ಮಸಾಯಾ ನಾಕಾಮುರ ಹೇಳಿದ್ದರಂತೆ. ಇವಾತಾನಿ ಒಪ್ಪಲಿಲ್ಲ. ಜೊತೆಯಲ್ಲಿ ಕೆಲಸ ಮಾಡುವವರನ್ನು ಕೇಳಿದರು. ಬೇರೆ ಬೇರೆ ಬಣ್ಣವೇ ಇರಲಿ ಅಂತ ಎಲ್ಲರೂ ಹೇಳಿದರು. ಬಣ್ಣ ಬೇರೆ ಇರಲೇಬೇಕಿತ್ತು, ಯಾಕೆಂದರೆ ನಾಲ್ಕರ ಬುದ್ಧಿಯೂ ಬೇರೆ. ನಾಲ್ಕೂ ಒಂದೇ ಥರ ಅಟ್ಟಿಸಿಕೊಂಡು ಬಂದರೆ ಒಂದರ ಹಿಂದೆ ಒಂದು ರೈಲಿನ ಹಾಗೆ ಸಾಲಾಗಿ ಬರುತ್ತವೆ, ಆಟ ಬೋರಾಗುತ್ತದೆ. ಅದಕ್ಕೆ ಒಂದೊಂದಕ್ಕೂ ಒಂದೊಂದು ಗುಣ. ಆ ಗುಣವನ್ನೇ ಜಪಾನಿನ ಯಂತ್ರದ ಪರದೆಯಲ್ಲಿ ಹೆಸರಾಗಿ ಬರೆದಿದ್ದರು.

ಕೆಂಪು ದೆವ್ವ ‘ಒಯಿಕಾಕೆ’, ಬೆನ್ನಟ್ಟುವವನು. ಕರೆಯೋ ಹೆಸರು ಆಕಾಬೆ. ಆಕಾ ಅಂದರೆ ಕೆಂಪು. ಗುಲಾಬಿಯದು ‘ಮಾಚಿಬುಸೆ’, ಹೊಂಚು ಹಾಕುವವನು. ಕರೆಯೋ ಹೆಸರು ಪಿಂಕಿ, ಜಪಾನಿನಲ್ಲೂ ಪಿಂಕಿಯೇ. ನೀಲಿಯದು ‘ಕಿಮಾಗುರೆ’, ಗಳಿಗೆಗೊಂದು ಬುದ್ಧಿಯವನು. ಕರೆಯೋ ಹೆಸರು ಆವೊಸುಕೆ. ಆವೊ ಅಂದರೆ ನೀಲಿ. ಕಿತ್ತಳೆಯದು ‘ಒತೊಬೊಕೆ’, ಏನೂ ಗೊತ್ತಿಲ್ಲದವನ ಹಾಗೆ ನಟಿಸುವವನು. ಕರೆಯೋ ಹೆಸರು ಗುಜುತಾ, ನಿಧಾನದ ಮನುಷ್ಯ ಅನ್ನೋ ಅರ್ಥ ಬರುವಂಥದ್ದು. ಕೊನೆಯಲ್ಲಿ ಬರುವ ಆ ‘ಬೆ’, ‘ಸುಕೆ’ ಎಲ್ಲ ಅಲ್ಲಿನ ಗಂಡು ಹೆಸರುಗಳ ಬಾಲ. ನಮ್ಮ ಅಪ್ಪ, ಅಣ್ಣ, ಅಯ್ಯ ಇದ್ದ ಹಾಗೆ. ಕೆಂಪಣ್ಣ, ನೀಲಪ್ಪ ಅಂದರೆ ಸರಿಹೋಯಿತು. ನಮ್ಮ ಹಳ್ಳಿಗಳಲ್ಲಿ ಕೆಂಪಣ್ಣ, ನೀಲಪ್ಪ ಇಲ್ಲದ ಊರೇ ಇಲ್ಲ. ಆ ಹೆಸರುಗಳನ್ನು ಓದಿದಾಗ ಟೋಕಿಯೊದ ಯಂತ್ರ ಒಮ್ಮೆಲೇ ನಮ್ಮ ಜಗುಲಿಗೆ ಬಂದ ಹಾಗಾಯಿತು.

ಆಟದೊಳಗೆ ಈ ದೆವ್ವಗಳು ಏನು ಮಾಡುತ್ತವೆ ನೋಡಿ. ಕೆಂಪಣ್ಣನ ಗುರಿ ನೀವು ನಿಂತಿರುವ ಚೌಕವೇ. ನೇರ ಬೆನ್ನಿಗೆ ಬೀಳುತ್ತಾನೆ. ಗುಲಾಬಿಯ ಗುರಿ ನೀವು ಹೊರಟ ದಿಕ್ಕಿನಲ್ಲಿ ನಾಲ್ಕು ಚೌಕ ಮುಂದೆ. ನೀವು ಬರುವ ಜಾಗಕ್ಕೆ ಅವನು ಮುಂಚೆಯೇ ಹೋಗಿ ಕಾಯುತ್ತಾನೆ. ನೀಲಪ್ಪನ ಲೆಕ್ಕ ಸುತ್ತುಬಳಸು. ನಿಮ್ಮಿಂದ ಎರಡು ಚೌಕ ಮುಂದೆ ಒಂದು ಚುಕ್ಕೆ ಇಡಬೇಕು. ಕೆಂಪಣ್ಣ ಇರುವ ಜಾಗದಿಂದ ಆ ಚುಕ್ಕೆಗೆ ಗೆರೆ ಎಳೆಯಬೇಕು. ಗೆರೆಯನ್ನು ಅಷ್ಟೇ ಉದ್ದ ಇನ್ನೂ ಮುಂದಕ್ಕೆ ಎಳೆಯಬೇಕು. ಅದು ಮುಗಿಯುವ ಜಾಗ ನೀಲಪ್ಪನ ಗುರಿ. ಕೆಂಪಣ್ಣ ದೂರ ಇದ್ದರೆ ನೀಲಪ್ಪ ಎಲ್ಲೋ ಅಲೆಯುತ್ತಾನೆ, ಕೆಂಪಣ್ಣ ಹತ್ತಿರ ಬಂದರೆ ಇವನೂ ಬಂದು ಮೇಲೆ ಬೀಳುತ್ತಾನೆ. ಹೊರಗಿನಿಂದ ನೋಡಿದವರಿಗೆ ಗಳಿಗೆಗೊಂದು ಬುದ್ಧಿ. ಕಿತ್ತಳೆಯವನು ದೂರದಲ್ಲಿದ್ದಾಗ ನಿಮ್ಮ ಕಡೆಗೇ ಬರುತ್ತಾನೆ. ಎಂಟು ಚೌಕದಷ್ಟು ಹತ್ತಿರ ಬಂದ ತಕ್ಷಣ ತಿರುಗಿ ಕೆಳಗಿನ ಎಡ ಮೂಲೆಯ ದಾರಿ ಹಿಡಿಯುತ್ತಾನೆ. ಸಾಲ ಕೇಳೋಕೆ ಬಂದವನು ಬಾಗಿಲವರೆಗೆ ಬಂದು, ‘ಸುಮ್ನೆ ಈ ಕಡೆ ಬಂದಿದ್ದೆ’ ಅಂತ ಹೊರಟುಹೋದ ಹಾಗೆ.

ಅಂದರೆ ಆ ನಾಲ್ಕು ಹೆಸರು ಆಟದ ಕೈಪಿಡಿಯೇ ಆಗಿತ್ತು. ಓದಿದವನಿಗೆ ಯಾರ ಹತ್ತಿರ ಹೇಗೆ ತಪ್ಪಿಸಿಕೊಳ್ಳಬೇಕು ಅನ್ನೋ ಸುಳಿವು ಕಾಸು ಹಾಕುವ ಮುಂಚೆಯೇ ಸಿಗುತ್ತಿತ್ತು. ಸಾಗರ ದಾಟುವಾಗ ಅದು ಕಳೆದುಹೋಯಿತು. ಕೆಂಪು ದೆವ್ವಕ್ಕೆ ಶ್ಯಾಡೊ, ನೆರಳು ಅಂತ ಇಟ್ಟದ್ದು ಸರಿಯೇ ಇದೆ. ನೆರಳಿನ ಹಾಗೆ ಬೆನ್ನು ಬಿಡದವನು ಅವನು. ಆದರೆ ಗುಲಾಬಿಗೆ ಸ್ಪೀಡಿ ಅಂತ ಇಟ್ಟರು. ಅವನು ಉಳಿದವರಿಗಿಂತ ಒಂದಿಷ್ಟೂ ಬೇಗ ಓಡಲ್ಲ. ಚುಕ್ಕೆಗಳು ಖಾಲಿಯಾಗುತ್ತಾ ಬಂದಾಗ ವೇಗ ಹೆಚ್ಚೋದು ಕೆಂಪು ದೆವ್ವಕ್ಕೆ. ವೇಗ ಹೆಚ್ಚಿದ ಆ ಕೆಂಪಣ್ಣನನ್ನು ಪಳಗಿದ ಆಟಗಾರರು ‘ಕ್ರೂಸ್ ಎಲ್ರಾಯ್’ ಅಂತ ಬೇರೆ ಹೆಸರಿನಿಂದಲೇ ಕರೆಯುತ್ತಾರೆ. ನೀಲಿಗೆ ಬ್ಯಾಶ್‌ಫುಲ್, ನಾಚಿಕೆಯವನು ಅಂತ ಇಟ್ಟರು. ಅವನಲ್ಲಿ ನಾಚಿಕೆ ನನಗಂತೂ ಕಂಡಿಲ್ಲ. ನಾಚಿಕೊಂಡು ಹಿಂದೆ ಸರಿಯೋದೇನಿದ್ದರೂ ಕಿತ್ತಳೆಯವನು.

ಆದರೂ ಅಮೆರಿಕದವರು ಇಟ್ಟ ಅಡ್ಡಹೆಸರುಗಳಲ್ಲಿ ಒಂದು ಕಿವಿ ಕೆಲಸ ಮಾಡಿದೆ. ಬ್ಲಿಂಕಿ, ಪಿಂಕಿ, ಇಂಕಿ: ಮೂರೂ ಪ್ರಾಸ. ನಾಲ್ಕನೆಯದು ಕ್ಲೈಡ್. ಅಲ್ಲಿ ಪ್ರಾಸ ಮುರಿಯುತ್ತದೆ. ಮೂರು ಜನ ಒಟ್ಟಿಗೆ ಬರುತ್ತಿದ್ದಾರೆ, ಒಬ್ಬ ಮಾತ್ರ ಬೇರೆ ದಾರಿ ಹಿಡಿದಿದ್ದಾನೆ ಅನ್ನೋದು ಆ ಹೆಸರಿನ ಸದ್ದಿನಲ್ಲೇ ಇದೆ. ಕಿತ್ತಳೆ ದೆವ್ವ ಆಟದಲ್ಲಿ ಮಾಡೋದೂ ಅದನ್ನೇ.

ಹೋದ ಬೇಸಿಗೆ ರಜೆಯಲ್ಲಿ ಅಕ್ಕನ ಮಗ ಮನೆಗೆ ಬಂದಿದ್ದ. ಎಂಟು ವರ್ಷ. ನನ್ನ ಕಂಪ್ಯೂಟರಿನಲ್ಲಿ ಪ್ಯಾಕ್‌ಮನ್ ಹಾಕಿಕೊಟ್ಟೆ. ಎರಡು ನಿಮಿಷದಲ್ಲಿ ಮೂರೂ ಜೀವ ಕಳೆದುಕೊಂಡು, ‘ಮಾಮ, ಇವು ಮೋಸ ಮಾಡ್ತಾವೆ’ ಅಂದ. ನಾನು ಆಟದ ತಂತ್ರ ಹೇಳಿಕೊಡಲಿಲ್ಲ. ಹೆಸರು ಹೇಳಿದೆ. ಕೆಂಪು ಬೆನ್ನಟ್ಟೋನು, ಗುಲಾಬಿ ಹೊಂಚು ಹಾಕೋನು, ನೀಲಿ ತಿಕ್ಕಲ, ಕಿತ್ತಳೆ ಸೋಗಿನವನು. ಅಷ್ಟೇ. ಮುಂದಿನ ಆಟದಲ್ಲಿ ಅವನು ಓಡೋದಕ್ಕಿಂತ ನೋಡೋದು ಜಾಸ್ತಿ ಮಾಡಿದ. ಗುಲಾಬಿ ಎದುರಿನಿಂದ ಬಂದಾಗ ಹೆದರಿ ತಿರುಗಲಿಲ್ಲ. ಅವನ ಎದುರಿಗೇ ಹೋದ. ಗುಲಾಬಿ ದೆವ್ವ ಪಕ್ಕದ ಓಣಿಗೆ ತಿರುಗಿಬಿಟ್ಟಿತು. ಹುಡುಗ ಕುರ್ಚಿಯ ಮೇಲೆ ಎದ್ದು ನಿಂತು, ‘ಹೊಂಚು ಹಾಕೋರಿಗೆ ಎದುರು ಬಂದ್ರೆ ಭಯ, ಅಲ್ವಾ ಮಾಮ?’ ಅಂದ. ಲೆಕ್ಕ ಇರೋದು ಹಾಗೇ. ನೀವು ಎದುರಿಗೆ ತೀರಾ ಹತ್ತಿರ ಬಂದಾಗ ನಿಮ್ಮ ನಾಲ್ಕು ಚೌಕ ಮುಂದಿನ ಜಾಗ ಅವನ ಬೆನ್ನ ಹಿಂದೆ ಬೀಳುತ್ತದೆ. ಅಲ್ಲಿಗೆ ಹೋಗೋಕೆ ಅವನು ಸಿಕ್ಕ ಓಣಿಗೆ ತಿರುಗುತ್ತಾನೆ. ಎಂಟು ವರ್ಷದ ಹುಡುಗನಿಗೆ ಆ ಲೆಕ್ಕ ಬೇಕಾಗಲಿಲ್ಲ, ಹೆಸರು ಸಾಕಾಯಿತು.

ಇವಾತಾನಿ ಅಷ್ಟು ಯೋಚಿಸಿ ಇಟ್ಟ ಹೆಸರು ಹೀಗೆ ಅರ್ಧ ದಾರಿಯಲ್ಲಿ ಉದುರಿದರೆ, ಮರುವರ್ಷ ಗೋದಾಮಿನಲ್ಲಿ ಗಡಿಬಿಡಿಯಲ್ಲಿ ಇಟ್ಟ ಒಂದು ಹೆಸರು ಪ್ರಪಂಚಕ್ಕೆಲ್ಲ ಗೊತ್ತಾಯಿತು.

1981. ನಿಂಟೆಂಡೊ ಕಂಪನಿ ಅಮೆರಿಕದಲ್ಲಿ ಆಗಷ್ಟೇ ಅಂಗಡಿ ತೆರೆದಿತ್ತು. ನೋಡಿಕೊಳ್ಳುತ್ತಿದ್ದವರು ಮಿನೊರು ಅರಕಾವಾ, ನಿಂಟೆಂಡೊ ಮುಖ್ಯಸ್ಥ ಹಿರೋಶಿ ಯಾಮಾಉಚಿ ಅವರ ಅಳಿಯ. ರೇಡಾರ್ ಸ್ಕೋಪ್ ಅನ್ನೋ ಗೇಮಿನ 3,000 ಯಂತ್ರಗಳನ್ನು ತರಿಸಿದ್ದರು. ಖರ್ಚಾದದ್ದು 1,000. ಉಳಿದ 2,000 ಗೋದಾಮಿನಲ್ಲಿ ಧೂಳು ತಿನ್ನುತ್ತಿದ್ದವು. ಆ ಪೆಟ್ಟಿಗೆಗಳಲ್ಲೇ ಕೂರುವಂಥ ಹೊಸ ಆಟ ಕಳಿಸಿ ಅಂತ ಅರಕಾವಾ ಮಾವನನ್ನು ಕೇಳಿದರು. ಕೆಲಸ ಬಿದ್ದದ್ದು ಶಿಗೆರು ಮಿಯಾಮೊಟೊ ಅನ್ನೋ ಯುವ ಕಲಾವಿದನ ಮೇಲೆ. ಮೊದಲು ಅವರು ಯೋಚಿಸಿದ್ದು ಪಾಪ್‌ಐ ಕಾರ್ಟೂನಿನ ಪಾತ್ರಗಳನ್ನು. ಹಕ್ಕು ಸಿಗಲಿಲ್ಲ. ಪಾಪ್‌ಐ ಜಾಗಕ್ಕೆ ಒಬ್ಬ ಬಡಗಿ ಬಂದ, ಅವನ ಎದುರಾಳಿ ಬ್ಲೂಟೊ ಜಾಗಕ್ಕೆ ಒಂದು ದೊಡ್ಡ ವಾನರ ಬಂತು, ಆಲಿವ್ ಜಾಗಕ್ಕೆ ಒಬ್ಬ ಹೆಂಗಸು ಬಂದಳು.

ಹೆಸರೇ ಇಲ್ಲದ ಮೂರು ಗೊಂಬೆಗಳು. ಮಿಯಾಮೊಟೊ ತಮ್ಮ ನಾಯಕನನ್ನು ‘ಒಸ್ಸಾನ್’ ಅಂತ ಕರೆಯುತ್ತಿದ್ದರು. ಮಧ್ಯವಯಸ್ಸಿನ ಗಂಡಸು ಅಂತ ಅರ್ಥ, ನಾವು ಗುರುತಿಲ್ಲದವರನ್ನು ‘ಯಜಮಾನ್ರೇ’ ಅಂತ ಕೂಗಿದ ಹಾಗೆ. ತಮ್ಮ ಮುಂದಿನ ಆಟಗಳಲ್ಲೂ ಇವನನ್ನೇ ಬಳಸಬೇಕು ಅಂತ ‘ಮಿಸ್ಟರ್ ವಿಡಿಯೊ’ ಅನ್ನೋ ಹೆಸರನ್ನೂ ಇಟ್ಟುಕೊಂಡಿದ್ದರು. ಅವನ ಮುಖ ಹುಟ್ಟಿದ ರೀತಿ ಕೂಡ ಹೀಗೇ ಅನಿವಾರ್ಯದ್ದು. ಅಗಲ ಎತ್ತರ ಎರಡರಲ್ಲೂ 16 ಚುಕ್ಕೆಯಷ್ಟೇ ಜಾಗ. ಕೂದಲು ಬಿಡಿಸೋದು ಕಷ್ಟ, ಟೋಪಿ ಹಾಕಿದರು. ಮೂಗು ಬಾಯಿ ಬೇರೆ ಬೇರೆ ಕಾಣಲ್ಲ, ಮಧ್ಯೆ ಮೀಸೆ ಇಟ್ಟರು. ಓಡುವಾಗ ಕೈ ಕಾಣಬೇಕು, ಅಂಗಿಗೆ ಒಂದು ಬಣ್ಣ, ಮೇಲಿನ ಉಡುಪಿಗೆ ಇನ್ನೊಂದು ಬಣ್ಣ.

ಡಾಂಕಿ ಕಾಂಗ್ ಅನ್ನೋ ಆ ಆಟ ಅಮೆರಿಕಕ್ಕೆ ಬಂತು. ಗೋದಾಮಿನಲ್ಲಿ ಕೈಬೆರಳೆಣಿಕೆಯ ಜನ ಕೂತು 2,000 ಪೆಟ್ಟಿಗೆಗಳ ಒಳಗಿನ ಭಾಗಗಳನ್ನು ಬದಲಾಯಿಸಿದರು. ಮಾರಬೇಕು ಅಂದರೆ ಪಾತ್ರಗಳಿಗೆ ಹೆಸರು ಬೇಕು. ಹೆಂಗಸಿಗೆ ಪಾಲೀನ್ ಅಂತ ಇಟ್ಟರು. ಗೋದಾಮು ನೋಡಿಕೊಳ್ಳುತ್ತಿದ್ದ ಡಾನ್ ಜೇಮ್ಸ್ ಅವರ ಹೆಂಡತಿ ಪಾಲಿಯ ನೆನಪಿಗೆ. ನಾಯಕನಿಗೆ ಮೊದಲು ಸಿಕ್ಕಿದ್ದು ಜಂಪ್‌ಮನ್, ಜಿಗಿಯುವವನು. ಆಮೇಲೆ ಆ ಗೋದಾಮಿನ ಮಾಲೀಕರ ಹೆಸರು ಅಂಟಿಕೊಂಡಿತು. ವಾಷಿಂಗ್ಟನ್ ರಾಜ್ಯದ ಟಕ್ವಿಲಾದಲ್ಲಿ ಗೋದಾಮು, ಮಾಲೀಕರು ಇಟಲಿ ಮೂಲದ ಮಾರಿಯೊ ಸಗಾಲಿ. ಬಾಡಿಗೆ ತಡವಾಯಿತು ಅಂತ ಅವರು ಬಂದು ಅರಕಾವಾ ಅವರನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡರು, ಆಮೇಲೆ ಹೋದರು, ಅಲ್ಲಿದ್ದವರು ಮುಖ ಮುಖ ನೋಡಿಕೊಂಡು ಪರದೆಯ ಮೀಸೆಯವನಿಗೆ ಅದೇ ಹೆಸರಿಟ್ಟರು ಅಂತ ಕತೆ ಹೇಳುತ್ತಾರೆ. ಬಾಯಿಂದ ಬಾಯಿಗೆ ಹೋದ ಕತೆ, ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಹೆಸರು ಅವರದ್ದೇ ಅನ್ನೋದು ಮಾತ್ರ ಖಚಿತ. 1982ರ ಡಾಂಕಿ ಕಾಂಗ್ ಜೂನಿಯರ್ ಹೊತ್ತಿಗೆ ಯಂತ್ರದ ಮೇಲೆಯೇ ಮಾರಿಯೊ ಇದ್ದ.

ಸಗಾಲಿ ಈ ವಿಷಯವನ್ನು ಎಲ್ಲೂ ಹೇಳಿಕೊಂಡು ತಿರುಗಿದವರಲ್ಲ. ಮಾತು ಬಂದಾಗ ಒಮ್ಮೆ, ನನಗೆ ಬರಬೇಕಾದ ಗೌರವಧನಕ್ಕೆ ಇನ್ನೂ ಕಾಯ್ತಾ ಇದ್ದೀನಿ ಅನ್ನೋ ಅರ್ಥದಲ್ಲಿ ತಮಾಷೆ ಮಾಡಿದ್ದರು. 2018ರಲ್ಲಿ, 84ನೇ ವಯಸ್ಸಿನಲ್ಲಿ ತೀರಿಕೊಂಡರು. ಟಕ್ವಿಲಾ ಅನ್ನೋ ಊರು ಎಲ್ಲಿದೆ ಅಂತ ಗೊತ್ತಿಲ್ಲದ ಕೋಟಿಗಟ್ಟಲೆ ಮಕ್ಕಳ ಬಾಯಲ್ಲಿ ಅವರ ಹೆಸರು ಓಡಾಡುತ್ತಿದೆ. ನನಗೆ ಇದು ತುಂಬಾ ಹತ್ತಿರದ ವಿಷಯ ಅನ್ನಿಸುತ್ತದೆ. ನಮ್ಮಲ್ಲೂ ಎಷ್ಟೋ ಬಸ್ ಸ್ಟಾಪುಗಳಿಗೆ, ಓಣಿಗಳಿಗೆ ಯಾವುದೋ ಕಾಲದ ಅಂಗಡಿಯವರ ಹೆಸರಿರುತ್ತದೆ. ಅಂಗಡಿ ಹೋಗಿ ದಶಕಗಳಾಗಿರುತ್ತವೆ, ಬಸ್ಸಿನ ಕಂಡಕ್ಟರ್ ಮಾತ್ರ ದಿನಾ ಆ ಹೆಸರನ್ನು ಕೂಗುತ್ತಾನೆ.

ವಾನರದ ಹೆಸರಿನ ವಿಷಯ ಹೇಳದೆ ಮುಂದೆ ಹೋಗೋಕಾಗಲ್ಲ. ಡಾಂಕಿ ಅಂದರೆ ಕತ್ತೆ. ವಾನರಕ್ಕೆ ಕತ್ತೆ ಅಂತ ಯಾಕೆ? ಮಂಕಿ ಅಂತ ಇರಬೇಕಿತ್ತು, ಯಾರೋ ಅಕ್ಷರ ತಪ್ಪಿಸಿದರು ಅಂತ ಒಂದು ಕತೆ ಇದೆ. ಸುಳ್ಳು. ದಡ್ಡ, ಹಟಮಾರಿ ಅನ್ನೋ ಅರ್ಥಕ್ಕೆ ಮಿಯಾಮೊಟೊ ಇಂಗ್ಲಿಷ್ ಪದ ಹುಡುಕಿದ್ದರು, ಡಾಂಕಿ ಸಿಕ್ಕಿತು. ಕಾಂಗ್ ಅಂದರೆ ಜಪಾನಿನಲ್ಲಿ ದೊಡ್ಡ ವಾನರ ಅಂತಲೇ ರೂಢಿ. ದಡ್ಡ ವಾನರ, ಡಾಂಕಿ ಕಾಂಗ್. ಅಮೆರಿಕದವರಿಗೆ ಅದು ಅರ್ಥವಾಗಲಿಲ್ಲ, ನಕ್ಕರು. ಕನ್ನಡದ ಮಗುವಿಗೆ ಕೇಳಿ, ತಕ್ಷಣ ಅರ್ಥವಾಗುತ್ತದೆ. ಲೆಕ್ಕ ತಪ್ಪಿದಾಗೆಲ್ಲ ಮೇಷ್ಟ್ರ ಬಾಯಲ್ಲಿ ‘ಕತ್ತೆ’ ಅನ್ನಿಸಿಕೊಂಡ ನಮಗೆ ಮಿಯಾಮೊಟೊ ಮನಸ್ಸಲ್ಲಿ ಇದ್ದದ್ದು ಏನು ಅಂತ ಬಿಡಿಸಿ ಹೇಳಬೇಕಾ?

ಆ ‘ಕಾಂಗ್’ ನಿಂಟೆಂಡೊವನ್ನು ಕೋರ್ಟಿಗೂ ಎಳೆಯಿತು. 1982ರಲ್ಲಿ ಯೂನಿವರ್ಸಲ್ ಸಿನಿಮಾ ಕಂಪನಿ, ಕಿಂಗ್ ಕಾಂಗ್ ಹೆಸರು ನಮ್ಮದು ಅಂತ ದಾವೆ ಹಾಕಿತು. ನಿಂಟೆಂಡೊ ಪರ ನಿಂತವರು ಜಾನ್ ಕರ್ಬಿ. ಕೆಲವೇ ವರ್ಷದ ಹಿಂದೆ ಇನ್ನೊಂದು ಮೊಕದ್ದಮೆಯಲ್ಲಿ ಇದೇ ಯೂನಿವರ್ಸಲ್, ಕಿಂಗ್ ಕಾಂಗ್ ಕತೆ ಯಾರ ಸ್ವತ್ತೂ ಅಲ್ಲ ಅಂತ ವಾದಿಸಿ ಗೆದ್ದಿತ್ತು. ಅದು ಎದ್ದು ಬಂತು. ನಿಂಟೆಂಡೊ ಗೆದ್ದಿತು, ವಕೀಲರಿಗೆ ಡಾಂಕಿ ಕಾಂಗ್ ಅಂತ ಹೆಸರಿಟ್ಟ ಒಂದು ಹಾಯಿದೋಣಿಯನ್ನು ಉಡುಗೊರೆ ಕೊಟ್ಟಿತು. ಹತ್ತು ವರ್ಷದ ನಂತರ, 1992ರಲ್ಲಿ, ಕೈಯಲ್ಲಿ ಹಿಡಿದು ಆಡುವ ಪುಟ್ಟ ಯಂತ್ರಕ್ಕೆ ಬಂದ ಒಂದು ದುಂಡು ಗೊಂಬೆಗೆ ಕರ್ಬಿ ಅಂತ ಇಟ್ಟರು. ಹೆಸರುಗಳ ಪಟ್ಟಿಯಿಂದ ಅದನ್ನೇ ಆರಿಸಿದ್ದರಲ್ಲಿ ಆ ವಕೀಲರ ನೆನಪೂ ಸೇರಿತ್ತು ಅಂತ ಮಿಯಾಮೊಟೊ ಹೇಳಿದ್ದಾರೆ.

ಹೆಸರಿಗಾಗಿ ಒಂದು ಮದುವೆಯ ವಿಷಯ ಇತ್ಯರ್ಥವಾದ ಕತೆ ಮಿಜ್ ಪ್ಯಾಕ್‌ಮನ್‌ದು. ಜನರಲ್ ಕಂಪ್ಯೂಟರ್ ಅನ್ನೋ ಪುಟ್ಟ ಕಂಪನಿಯ ಹುಡುಗರು ಪ್ಯಾಕ್‌ಮನ್ ಯಂತ್ರಕ್ಕೆ ಜೋಡಿಸುವ ಒಂದು ಭಾಗ ಮಾಡಿದ್ದರು. ಅವರ ಆಟದಲ್ಲಿ ಹಳದಿ ಚೆಂಡಿಗೆ ಕಾಲು ಬಂದಿತ್ತು, ಹೆಸರು ಕ್ರೇಜಿ ಆಟೊ. ಅದನ್ನು ಮಿಡ್‌ವೇ ಕೊಂಡುಕೊಂಡಿತು. ನಾಯಕಿಯಾಗಲಿ ಅಂತಾಯಿತು, ತಲೆಗೆ ರಿಬ್ಬನ್ ಬಂತು. ಹೆಸರು? ಪ್ಯಾಕ್‌ವುಮನ್ ಅಂದರು. ಆಮೇಲೆ ಕುಮಾರಿ ಅನ್ನೋ ಅರ್ಥದ ಮಿಸ್ ಅಂದರು. ಆದರೆ ಆಟದ ನಡುವೆ ಬರುವ ಪುಟ್ಟ ದೃಶ್ಯಗಳಲ್ಲಿ ಮೂರನೆಯದರಲ್ಲಿ ಕೊಕ್ಕರೆಯೊಂದು ಮಗುವನ್ನು ತಂದು ಹಾಕುತ್ತದೆ. ಕುಮಾರಿಗೆ ಮಗು ಹೇಗೆ ಅನ್ನೋ ಮಾತು ಬಂತು. ಶ್ರೀಮತಿ ಅನ್ನೋದೂ ಚರ್ಚೆಗೆ ಬಂದು, ಕೊನೆಗೆ ನಿಂತದ್ದು ಮದುವೆಯ ಸುದ್ದಿಯನ್ನೇ ಎತ್ತದ ಮೂರನೆಯ ಸಂಬೋಧನೆ, ಮಿಜ್. ಬರೆಯೋದು ಎರಡೇ ಇಂಗ್ಲಿಷ್ ಅಕ್ಷರದಲ್ಲಿ. 1982ರಲ್ಲಿ ಅಮೆರಿಕದ ಹೆಂಗಸರು ಆ ಸಂಬೋಧನೆಗಾಗಿ ಇನ್ನೂ ಜಗಳ ಆಡುತ್ತಿದ್ದ ಕಾಲ. ಅರ್ಜಿ ಫಾರಂಗಳಲ್ಲಿ ಇವತ್ತಿಗೂ ಶ್ರೀಮತಿ, ಕುಮಾರಿ ಎರಡರಲ್ಲಿ ಒಂದಕ್ಕೆ ಗುರುತು ಹಾಕಿ ಅನ್ನಿಸಿಕೊಳ್ಳುವ ನಮ್ಮ ಹೆಣ್ಣುಮಕ್ಕಳಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಅದೇ ಆಟದಲ್ಲಿ ಕ್ಲೈಡ್ ಕೂಡ ಹೋಗಿ ಆ ಕಿತ್ತಳೆ ದೆವ್ವ ಸೂ ಅನ್ನೋ ಹೆಣ್ಣು ದೆವ್ವ ಆಯಿತು.

ಅದೇ ವರ್ಷದ ಇನ್ನೆರಡು ಹೆಸರುಗಳನ್ನು ಬೇಗ ಹೇಳಿಬಿಡುತ್ತೇನೆ. ಅಮೆರಿಕದ ಗಾಟ್ಲೀಬ್ ಕಂಪನಿಯ ಆಟವೊಂದರಲ್ಲಿ ಉದ್ದ ಮೂಗಿನ ಕಿತ್ತಳೆ ಪ್ರಾಣಿ ಘನಾಕೃತಿಗಳ ಮೇಲೆ ಕುಪ್ಪಳಿಸುತ್ತದೆ. ಮೊದಲಿಗೆ ಮೂಗಿನಿಂದ ಗೊಣ್ಣೆ ಹಾರಿಸುವ ಪ್ರಾಣಿ ಅಂತ ಯೋಚಿಸಿ, ಗೊಣ್ಣೆಯ ಹೆಸರನ್ನೇ ಇಡೋಣ ಅಂತಿದ್ದರು. ಆಮೇಲೆ ಯಾರೋ ಹ್ಯೂಬರ್ಟ್ ಅಂದರು. ಘನಾಕೃತಿಗೆ ಇಂಗ್ಲಿಷಿನಲ್ಲಿ ಕ್ಯೂಬ್. ಎರಡೂ ಸೇರಿ ಕ್ಯೂಬರ್ಟ್. ನಾಮ್ಕೊದ ಡಿಗ್ ಡಗ್‌ನಲ್ಲಿ ನೆಲ ಅಗೆಯುವ ನಾಯಕನಿಗೆ ಬಹಳ ವರ್ಷದ ಮೇಲೆ ಹೋರಿ ತಾಯ್‌ಜೊ ಅಂತ ಹೆಸರಾಯಿತು. ಮನುಷ್ಯರ ಹೆಸರಿನ ಹಾಗೇ ಇದೆ. ಒಟ್ಟಿಗೆ ಓದಿದರೆ ಜಪಾನಿಯಲ್ಲಿ ‘ಅಗೀಬೇಕು ಕಣೋ’ ಅನ್ನೋ ಹಾಗೆ ಕೇಳಿಸುತ್ತದೆ.

1991ರಲ್ಲಿ ಸ್ಟ್ರೀಟ್ ಫೈಟರ್ 2 ಬಂದಾಗ ಹೆಸರುಗಳು ವಕೀಲರ ಕೈ ಸೇರಿದ್ದವು. ಜಪಾನಿನಲ್ಲಿ ಬಾಕ್ಸರ್‌ನ ಹೆಸರು ಎಂ. ಬೈಸನ್, ಎಂ ಅಂದರೆ ಮೈಕ್. ಯಾರ ನೆರಳು ಅಂತ ಎಲ್ಲರಿಗೂ ಗೊತ್ತಾಗುವ ಹಾಗಿತ್ತು. ಮೈಕ್ ಟೈಸನ್ ಕೇಸು ಹಾಕಿಯಾರು ಅನ್ನೋ ಭಯಕ್ಕೆ, ಹೊರದೇಶಗಳಲ್ಲಿ ಬಿಡುವಾಗ ಮೂರು ಪಾತ್ರಗಳ ಹೆಸರನ್ನು ಅದಲುಬದಲು ಮಾಡಿದರು. ಬಾಕ್ಸರ್ ಬಾಲ್‌ರಾಗ್ ಆದ. ಕೈಗೆ ಉಗುರು ಕಟ್ಟಿಕೊಂಡ ಬಾಲ್‌ರಾಗ್ ವೆಗಾ ಆದ. ಎಲ್ಲರ ದೊರೆ ವೆಗಾ, ಎಂ. ಬೈಸನ್ ಆದ. ಮೈಕ್ ಹೋಗಿ ‘ಎಂ’ ಮಾತ್ರ ಉಳಿಯಿತು. ಎರಡು ದೇಶದ ಆಟಗಾರರು ಎದುರುಬದುರು ಕೂತಾಗ ಯಾರ ಬಗ್ಗೆ ಮಾತಾಡುತ್ತಿದ್ದೇವೆ ಅನ್ನೋದೇ ಗೊತ್ತಾಗದೆ, ಅವರೇ ಬಾಕ್ಸರ್, ಉಗುರಿನವನು, ಸರ್ವಾಧಿಕಾರಿ ಅಂತ ಕರೆಯತೊಡಗಿದರು. ಕಂಪನಿ ಇಟ್ಟ ಹೆಸರು ಕೈಕೊಟ್ಟಾಗ ಆಡುವವರು ಕಣ್ಣಿಗೆ ಕಂಡದ್ದನ್ನೇ ಹೆಸರು ಮಾಡಿಕೊಂಡರು.

ನಾವೂ ಅದನ್ನೇ ಮಾಡಿದವರು. ನಮ್ಮೂರಿನ ಬಸ್ ಸ್ಟ್ಯಾಂಡಿನ ಹಿಂದೆ ತಗಡಿನ ಶೀಟು ಹಾಕಿದ ಒಂದು ವಿಡಿಯೊ ಗೇಮ್ ಅಂಗಡಿ ಇತ್ತು. ಒಳಗೆ ಐದು ಯಂತ್ರ, ಒಂದು ಫ್ಯಾನು, ಬೆವರಿನ ವಾಸನೆ. ರೂಪಾಯಿಗೆ ಒಂದು ಕಾಯಿನ್. ಶಾಲೆ ಬಿಟ್ಟ ತಕ್ಷಣ ಓಡಿ ಹೋಗಿ ಕೇಳುತ್ತಿದ್ದ ಮೊದಲ ಮಾತು, ‘ಅಣ್ಣ, ಮುಸ್ತಫಾ ಖಾಲಿ ಇದೆಯಾ?’ ಆ ಆಟದ ಹೆಸರು ಮುಸ್ತಫಾ ಅಂತಲೇ ನಾವೆಲ್ಲ ತಿಳಿದಿದ್ದೆವು. ಅಂಗಡಿಯ ಅಣ್ಣನೂ ಹಾಗೇ ಅನ್ನುತ್ತಿದ್ದ. ಪಕ್ಕದೂರಿನಲ್ಲೂ ಮುಸ್ತಫಾ. ದೊಡ್ಡವನಾಗಿ ಕೆಲಸಕ್ಕೆ ಸೇರಿದ ಮೇಲೆ ದಿಲ್ಲಿ, ಹೈದರಾಬಾದಿನ ಗೆಳೆಯರನ್ನು ಕೇಳಿದೆ. ಅವರಿಗೂ ಮುಸ್ತಫಾ.

ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದ ಆ ಆಟದ ನಿಜವಾದ ಹೆಸರು ಕ್ಯಾಡಿಲ್ಯಾಕ್ಸ್ ಆಂಡ್ ಡೈನೊಸಾರ್ಸ್. ಒಂದು ಅಮೆರಿಕನ್ ಕಾಮಿಕ್ಸ್‌ನಿಂದ ಎತ್ತಿಕೊಂಡ ಕತೆ. ನಾಲ್ಕು ಜನರಲ್ಲಿ ಒಬ್ಬರನ್ನು ಆರಿಸಿಕೊಂಡು ಆಡಬೇಕು. ಕತೆಯ ನಾಯಕ ಜ್ಯಾಕ್ ಟೆನ್‌ರೆಕ್. ಜೊತೆಗೆ ಹ್ಯಾನಾ, ಮೆಸ್ ಅನ್ನೋ ದೈತ್ಯ, ಮತ್ತೆ ಮುಸ್ತಫಾ ಕೈರೊ. ಮುಸ್ತಫಾ ಪಕ್ಕದ ಪಾತ್ರ. ಆದರೆ ಅವನ ಓಟ ಜೋರು, ಓಡಿ ಬಂದು ಹಾರಿ ಒದೆಯೋದಂತೂ ಇನ್ನೂ ಜೋರು. ಆರಿಸುವಾಗ ಪರದೆಯಲ್ಲಿ ಕಾಣುತ್ತಿದ್ದ ಹೆಸರುಗಳಲ್ಲಿ ನಮಗೆ ಸಲೀಸಾಗಿ ಓದೋಕೆ ಬರುತ್ತಿದ್ದದ್ದು, ನಮ್ಮ ಬೀದಿಯಲ್ಲಿ ಇರುತ್ತಿದ್ದದ್ದು ಅದೊಂದೇ ಹೆಸರು. ನಮ್ಮ ತರಗತಿಯಲ್ಲೇ ಒಬ್ಬ ಮುಸ್ತಫಾ ಇದ್ದ. ಜ್ಯಾಕ್ ಯಾವ ಊರಿನಲ್ಲಿ ಇದ್ದ?

ಆ ಉದ್ದ ಹೆಸರು ಗೊತ್ತಾದ ದಿನ ರಾತ್ರಿ ಹಳೆಯ ಗೆಳೆಯನಿಗೆ ಫೋನ್ ಮಾಡಿದೆ. ನಾವಿಬ್ಬರೂ ಸೇರಿ ಆ ಅಂಗಡಿಯಲ್ಲಿ ಕಳೆದ ಸಂಜೆಗಳಿಗೆ ಲೆಕ್ಕ ಇಲ್ಲ. ‘ಕ್ಯಾಡಿಲ್ಯಾಕ್ಸ್ ಆಂಡ್ ಡೈನೊಸಾರ್ಸ್ ನೆನಪಿದೆಯೇನೋ?’ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಯಾವುದೋ ಸಿನಿಮಾನಾ?’ ಅಂದ. ‘ಅಲ್ವೋ, ಮುಸ್ತಫಾ’ ಅಂದೆ.

‘ಅಯ್ಯೋ, ಹಳದಿ ಟೋಪಿ!’ ಅಂದ. ‘ಟೋಪಿಯವನು ಯಾವತ್ತೂ ನಂದು ಕಣೋ. ನೀನು ದಪ್ಪಣ್ಣನ್ನ ತಗೋತಿದ್ದೆ.’